ಕರಿಹೊಗೆ ನಾಡಿನ ನಲವತ್ತೊಂದನೇ ಪುಟ

ನಾಗಪುರ
೨೦ ಜೂನ್ ೨೦೦೪

ಮೈತ್ರೇಯಿಯವರಿಗೆ,

ಸಿದ್ದೇಶನ ನಮಸ್ಕಾರ. ಹನ್ನೊಂದು ವರ್ಷದ ನಂತರ ಬರೆಯುತ್ತಿದ್ದೇನೆ. ತಮ್ಮ ವಿಳಾಸವನ್ನು ಅಜನಿಯ ವತ್ಸಲಾ ಮಾವಶಿ ಕೊಟ್ಟರು. ಅದೂ ಎರಡು ಸಲ ಚಹಾ ಕುಡಿಸಿ, ನಾನೇಕೆ ಇನ್ನೂ ಮದುವೆಯಾಗಿಲ್ಲ ಎಂದು ಮೂರು ಸಲ ಕೇಳಿದ ಮೇಲೆ. ತಾವು ಸಕುಟುಂಬ ಆರೋಗ್ಯವಾಗಿದ್ದೀರೆಂದು ನಂಬುತ್ತೇನೆ.

ಇದು ನನ್ನಿಂದ ಆಗುವುದಿಲ್ಲ. ‘ತಾವು, ತಮ್ಮ’ ಎಂದು ಬರೆದ ಎರಡು ಹಾಳೆ ಆಗಲೇ ಹರಿದು ಹಾಕಿದ್ದೇನೆ, ಇದು ಮೂರನೆಯದು. ಇನ್ನು ‘ನೀನು’ ಅಂತಲೇ ಬರೆಯುತ್ತೇನೆ, ಸಿಟ್ಟು ಬಂದರೆ ಬರಲಿ.

ವಿಷಯ ಏನೆಂದರೆ, ಧಾರವಾಡದ ಉಮಾಪತಿ ಕಾಗದ ಬರೆದಿದ್ದಾರೆ. ನಮ್ಮ ‘ಕರಿಹೊಗೆ ನಾಡು’ ಆಟದ ಪುಸ್ತಕವನ್ನು ತೊಂಬತ್ಮೂರರಲ್ಲಿ ಐನೂರು ಪ್ರತಿ ಅಚ್ಚು ಹಾಕಿದ ಪುಣ್ಯಾತ್ಮರು ಅವರೇ. ಆಗ ಅರ್ಧದಷ್ಟನ್ನು ಗೆದ್ದಲು ಓದಿತು. ಈಗ ನೋಡಿದರೆ ಅಲ್ಲಿಯ ಹಾಸ್ಟೆಲುಗಳಲ್ಲಿ ಹುಡುಗರು ಅದರ ಜೆರಾಕ್ಸಿನ ಜೆರಾಕ್ಸ್ ಇಟ್ಟುಕೊಂಡು ಆಡುತ್ತಿದ್ದಾರಂತೆ. ‘ಹೊಸ ಕಾಲದ ಆಟಗಾರರಿಗೆ ಒಗ್ಗುವಂತೆ ತಿದ್ದಿ ಮತ್ತೆ ತರೋಣ’ ಅನ್ನುತ್ತಾರೆ. ಕತೆ ನನ್ನದು, ನಕ್ಷೆಗಳು ನಿನ್ನವು, ಮೇಲೆ ಇಬ್ಬರ ಹೆಸರೂ ಇದೆ. ಹಾಗಾಗಿ ಇಬ್ಬರ ಸಹಿ ಬೇಕು. ಜನವರಿ ಕೊನೆಯೊಳಗೆ ಸಿಗದಿದ್ದರೆ ಕೈಬಿಡುತ್ತಾರಂತೆ.

ನಾನು ಇಲ್ಲಿಯ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಈ ಆಟ ಆಡಿಸಲೇ ಎಂದು ಮುಖ್ಯಾಧ್ಯಾಪಿಕೆಯನ್ನು ಕೇಳಿದೆ. ಇದೆಂಥ ಆಟ ಎಂದರು. ಒಬ್ಬ ಸೂತ್ರಧಾರ ಕತೆ ಹೇಳುತ್ತಾನೆ, ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಅದು ಆಗುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ ಎಂದು ವಿವರಿಸಿದೆ. “ತೋ ಜೀತತಾ ಕೌನ್ ಹೈ?” ಅಂದರು. ಯಾರೂ ಗೆಲ್ಲುವುದಿಲ್ಲ ಅಂದೆ. ಕನ್ನಡಕ ತೆಗೆದು ಒರೆಸಿಕೊಂಡು, ಪಾಪ, ಒಪ್ಪಿಗೆ ಕೊಟ್ಟರು.

ಅಮೇಯ ನೆನಪಿದ್ದಾನಲ್ಲ? ಮೂವರಲ್ಲಿ ಚಿಕ್ಕವನು, ಪ್ರತಿ ಸಲವೂ ಮೊದಲು ಕತ್ತಿ ಎಳೆದು ಆಮೇಲೆ ಯೋಚಿಸುತ್ತಿದ್ದವನು. ಈಗ ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರ್. ನಾವು ರಾಕ್ಷಸರು ಎಂದು ಬರೆದ ಚಿಮಣಿಗಳ ಬುಡದಲ್ಲೇ ಅವನ ಟೇಬಲ್ಲು.

ದಾಳ ನನ್ನ ಹತ್ತಿರ ಇದೆ. ಅಪ್ಪ ಇತ್ವಾರಿ ಪೇಟೆಯಿಂದ ಹಿತ್ತಾಳೆ ತುಂಡು ತಂದು, ಆರ್ಡ್‌ನನ್ಸ್ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದು ದಿನಾ ಸಂಜೆ ಅರ ಹಿಡಿದು ಕೂತು ಇಪ್ಪತ್ತು ಮುಖ ತಿಕ್ಕಿದ ದಾಳ. ಏಳರ ಮುಖ ಒಂದು ಕೂದಲೆಳೆ ದೊಡ್ಡದಾಗಿ, ಏಳು ಜಾಸ್ತಿ ಬೀಳುತ್ತದೆ ಎಂದು ನೀನು ಜಗಳ ತೆಗೆಯುತ್ತಿದ್ದೆ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು.

ಸಹಿ ಮಾಡುತ್ತೀಯಲ್ಲ?

ಇಂತಿ,
ಸಿದ್ದೇಶ


ಮೈಸೂರು
೧೧ ಜುಲೈ ೨೦೦೪

ಸಿದ್ದೇಶನಿಗೆ,

ಪತ್ರ ತಲುಪಿತು. ಲಕೋಟೆ ನೋಡಿದ ಕೂಡಲೇ ಯಾರದೆಂದು ತಿಳಿಯಿತು. ಎಡಗೈಯಲ್ಲಿ ಬರೆದು, ಬರೆದದ್ದರ ಮೇಲೆಯೇ ಅಂಗೈ ಎಳೆದು ಶಾಯಿ ಹರಡುವ ಚಾಳಿ ಇನ್ನೂ ಬಿಟ್ಟಿಲ್ಲ ನೀನು.

ರುದ್ರಪ್ಪ ಮಾಮ ಹೋದದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಬಂದಾಗಲೆಲ್ಲ ‘ಏನವ್ವ, ಇವತ್ತ ಯಾವ ಊರು ಗೆದ್ದಿ?’ ಅಂತ ಕೇಳುತ್ತಿದ್ದರು. ಎರಡು ದಿನ ಅದೇ ಕಿವಿಯಲ್ಲಿತ್ತು.

ಸಹಿ ಮಾಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಆ ನಾಡು ಮುಗಿಯಿತು, ಅದರ ಕೊನೆಯನ್ನು ನೀನೇ ಬರೆದಿದ್ದೀಯ, ಅಚ್ಚೂ ಆಗಿದೆ. ಮುಗಿದದ್ದಕ್ಕೆ ಸುಣ್ಣ ಬಣ್ಣ ಹೊಡೆದು ಹೊಸದೆಂದು ಮಾರುವುದು ನನಗೆ ಸರಿ ಕಾಣುವುದಿಲ್ಲ. ಈಗಿನ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಬೇಕಾದಷ್ಟು ನಾಡುಗಳಿವೆ. ನನ್ನ ಮಗನೂ ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಯಾವುದೋ ಕೋಟೆ ಕಾಯುತ್ತಾನೆ. ಅವನಿಗೆ ನಮ್ಮ ಕಲ್ಲಿದ್ದಲ ಗುಡ್ಡ ಯಾಕೆ?

ನಾನು ನಗರ ಯೋಜನೆ ಕಚೇರಿಯಲ್ಲಿದ್ದೇನೆ. ನಕ್ಷೆ ಬಿಡಿಸುವ ಕೆಲಸವೇ. ಇರುವ ರಸ್ತೆಗಳನ್ನು ಇರುವ ಹಾಗೆ.

ಮೈತ್ರೇಯಿ


ನಾಗಪುರ
೧೫ ಆಗಸ್ಟ್ ೨೦೦೪

ಪ್ರಿಯ ಮೈತ್ರೇಯಿ,

ಶಾಲೆಯಲ್ಲಿ ಧ್ವಜ ಏರಿಸಿ, ಲಾಡು ತಿಂದು ಬಂದು ಕೂತಿದ್ದೇನೆ. ನಿನ್ನ ‘ಇಲ್ಲ’ ಓದಿ ಒಂದು ತಿಂಗಳಾಯಿತು. ಜಗಳಕ್ಕೆ ಬರಲು ಒಂದು ತಿಂಗಳು ಬೇಕಾಯಿತು ಅಂದುಕೋ.

ಮೊದಲು ನಿನ್ನ ಪಕ್ಷದ ಮಾತನ್ನೇ ಹೇಳುತ್ತೇನೆ. ಉಮಾಪತಿಯವರು ತಿದ್ದುಪಡಿಗಳ ಉದ್ದ ಪಟ್ಟಿ ಕಳಿಸಿದ್ದಾರೆ. ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬಣ್ಣ ಬಣ್ಣವಾಗಿ ಮಾಡಿಸುತ್ತಾರಂತೆ. ಉಮರೇಡಿನ ಗಣಿ ನೋಡಿ ನೀನು ಬಿಡಿಸಿದ ಪಾತಾಳದ ಬಾಗಿಲು ‘ಸ್ವಲ್ಪ ಮಂಕು’ ಅಂತೆ. ಬೇಡವೇ ಬೇಡ ಎಂದು ಬರೆದಿದ್ದೇನೆ. ಇನ್ನೊಂದು, ಕಾವಲಿನ ನಿಯಮ ತೆಗೆಯಬೇಕಂತೆ. ‘ಈಗಿನವರು ವಾರ ವಾರ ಸೇರುವುದಿಲ್ಲ, ಬರದವನ ಪಾತ್ರವನ್ನು ಬೇರೆಯವರು ಆಡಿಸಲಿ, ಇಲ್ಲವೇ ಸಾಯಿಸಿ ಮುಂದೆ ಹೋಗಲಿ’ ಎಂದಿದ್ದಾರೆ.

ಆ ಸಾಲು ಓದಿ ನನಗೆ ಊಟ ಸೇರಲಿಲ್ಲ. ನೆನಪಿದೆಯಲ್ಲ? ಪರೀಕ್ಷೆಗೋ, ರಜೆಗೆ ಊರಿಗೋ ಯಾರಾದರೂ ಹೋದರೆ ಅವರ ಜಾಗದಲ್ಲಿ ಸ್ಟೀಲ್ ಲೋಟ ಬೋರಲು ಹಾಕುತ್ತಿದ್ದೆವು. ‘ಕಾವಲಿಗೆ ಹೋಗಿದಾರೆ’ ಅನ್ನುತ್ತಿದ್ದೆವು. ಆ ಲೋಟವನ್ನು ಯಾರೂ ಮುಟ್ಟಕೂಡದು, ಅವರ ಪರವಾಗಿ ಯಾರೂ ದಾಳ ಹಾಕಕೂಡದು, ವಾಪಸ್ ಬಂದವರೇ ಎತ್ತಬೇಕು. ಒಂದು ಸಲ ನಮ್ಮ ಅವ್ವ ಪಾತ್ರೆ ತೊಳೆಯಲು ನಿನ್ನ ಲೋಟ ಎತ್ತಿದಳೆಂದು ಅಮೇಯ ಅತ್ತು ರಂಪ ಮಾಡಿದ್ದ. ನಮ್ಮಂಥ ಮನೆಗಳ ಮಕ್ಕಳಿಗೆ ಅದು ಬರೀ ಆಟದ ನಿಯಮ ಆಗಿರಲಿಲ್ಲ. ನಮ್ಮ ಗೆಳೆಯರೆಲ್ಲ ಊರಿಂದೂರಿಗೆ ವರ್ಗವಾಗುವವರ ಮಕ್ಕಳು, ಮಾರ್ಚಿನಲ್ಲಿ ಇದ್ದವರು ಜೂನಿನಲ್ಲಿ ಇರುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಈ ಪುಸ್ತಕ ಮತ್ತೆ ಬರಬೇಕು. ನಾವು ಬೇಡ ಎಂದರೂ ಅವರು ಜೆರಾಕ್ಸ್ ಮಾಡಿ ಆಡುತ್ತಾರೆ. ನಾವಿದ್ದರೆ ಲೋಟವಾದರೂ ಉಳಿಯುತ್ತದೆ. ನನ್ನ ಶನಿವಾರದ ಏಳು ಮಕ್ಕಳಿಗೆ ಕನ್ನಡದ ಒಂದಕ್ಷರ ಬಾರದು, ನಾನು ಪುಸ್ತಕ ನೋಡಿ ಮರಾಠಿಯಲ್ಲಿ ಹೇಳುತ್ತೇನೆ. ಆದರೂ ಕಾನಾ ಹೊಳೆಯ ಹೆಸರು ಬಂದರೆ ಹತ್ತಿರ ಸರಿದು ಕೂರುತ್ತಾರೆ. ಅದು ನಮ್ಮ ಕನ್ಹಾನ್ ನದಿಯೇ ಎಂದು ಯಾರೂ ಹೇಳಿಕೊಡಲಿಲ್ಲ, ತಾವೇ ಕಂಡುಕೊಂಡರು.

ನಿನ್ನ ಲೋಟ ನನ್ನ ಹತ್ತಿರವೇ ಇದೆ.

ನಿನ್ನ,
ಸಿದ್ದೇಶ


ಮೈಸೂರು
೧೯ ಸೆಪ್ಟೆಂಬರ್ ೨೦೦೪

ಸಿದ್ದು,

ಜಗಳ ಅಂದರೆ ಜಗಳವೇ ಆಗಲಿ.

ನಿಮ್ಮ ರಾಮಣ್ಣ ಕಾಕಾ ಮುಂಬಯಿಯ ಫುಟ್‌ಪಾತಿನಿಂದ ತಂದುಕೊಟ್ಟ ಆ ಇಂಗ್ಲಿಷ್ ಆಟದ ಪುಸ್ತಕ ನೆನಪಿದೆಯಾ? ಅರ್ಧ ಪುಟಗಳೇ ಇರಲಿಲ್ಲ. ಡ್ರ್ಯಾಗನ್ ಎಲ್ಲಿರುತ್ತದೆ, ಅದನ್ನು ಹೇಗೆ ಸೋಲಿಸಬೇಕು ಅನ್ನುವ ಪುಟಗಳೆಲ್ಲ ಯಾರದೋ ಅಂಗಡಿಯಲ್ಲಿ ಕಡಲೆಕಾಯಿ ಪೊಟ್ಟಣವಾಗಿ ಹೋಗಿದ್ದವು. ಅದಕ್ಕೇ ನಾವು ಸಾವನೇರಿನ ಕಲ್ಲಿದ್ದಲ ಲಾರಿಗಳನ್ನು, ಚಿಮಣಿಗಳನ್ನು, ಗಣಿಯನ್ನು ತಂದು ಅಲ್ಲಿ ತುಂಬಿದೆವು. ಪೂರ್ತಿ ಪುಸ್ತಕ ಸಿಕ್ಕಿದ್ದರೆ ನಾವು ಏನನ್ನೂ ಕಟ್ಟುತ್ತಿರಲಿಲ್ಲ, ಬರೆದದ್ದನ್ನು ಆಡಿ ಮುಚ್ಚಿಡುತ್ತಿದ್ದೆವು. ಈಗ ಉಮಾಪತಿಯವರು ನುಣುಪು ಹಾಳೆಯ ಮೇಲೆ ಎಲ್ಲವನ್ನೂ ತುಂಬಿ ಕೊಟ್ಟರೆ ನಿನ್ನ ಮಕ್ಕಳಿಗೆ ಏನು ಉಳಿಯುತ್ತದೆ? ಹಳೆಯ ನಾಡುಗಳನ್ನು ಮತ್ತೆ ಅಚ್ಚು ಹಾಕುವವರು ಈ ಲೆಕ್ಕವನ್ನು ಮರೆಯುತ್ತಾರೆ. ಹರಿದ ಪುಟಗಳನ್ನು ಯಾರೂ ಅಚ್ಚು ಹಾಕುವುದಿಲ್ಲ.

ಲೋಟದ ಮಾತು ಓದಿ ಅತ್ತೆ. ಯಾಕೆ ಸುಳ್ಳು ಹೇಳಲಿ. ಅಡುಗೆಮನೆಯಲ್ಲಿ ನಿಂತು ಅತ್ತು, ಈರುಳ್ಳಿ ಹೆಚ್ಚುತ್ತಿದ್ದೆ ಅಂದೆ. ಅವತ್ತು ಮಾಡಿದ್ದು ಮೊಸರನ್ನ.

ಆದರೆ ಅಳು ನಿಂತ ಮೇಲೆ ಸಿಟ್ಟು ಬಂತು. ಕಾವಲಿಗೆ ಹೋದವರನ್ನು ಮುಟ್ಟಕೂಡದು ಎಂದು ನಿಯಮ ಬರೆದವನು ನೀನು. ನಾನು ಮದುವೆಯಾಗಿ ಬಂದ ಏಳು ತಿಂಗಳಿಗೆ ನಿನ್ನ ಪುಸ್ತಕ ಅಂಚೆಯಲ್ಲಿ ಬಂತು. ನಲವತ್ತೊಂದನೇ ಪುಟ ತೆಗೆದರೆ ನನ್ನ ಕಾಜಲಿ, ನಾಲ್ಕು ವರ್ಷ ನಾನು ಆಡಿದ ಕಾಜಲಿ, ಸತ್ತಿದ್ದಾಳೆ. ‘ಕಾಜಲಿ ಕಾನಾ ಹೊಳೆ ದಾಟುವಾಗ ಮುಳುಗಿದಳು. ಮೂರು ದಿನ ಏಳು ಚಿಮಣಿಗಳೂ ಹೊಗೆ ಬಿಡಲಿಲ್ಲ.’ ಎಷ್ಟು ಚೆನ್ನಾಗಿ ಬರೆದಿದ್ದೀಯ! ಆ ಹಾಸ್ಟೆಲ್ ಹುಡುಗರಿಗೆ ಈ ಪುಟವೇ ಬಾಯಿಪಾಠವಾಗಿರಬಹುದು, ಅಲ್ಲವೇ? ಇರಬೇಕು.

ಪುಸ್ತಕ ತಲುಪಿತೆಂದು ನಾನು ಯಾಕೆ ಒಂದು ಸಾಲೂ ಬರೆಯಲಿಲ್ಲ ಎಂದು ನೀನು ಕೇಳಿಲ್ಲ. ಈಗಲೂ ಕೇಳಬೇಡ. ನಾನೇ ಕೇಳುತ್ತೇನೆ. ತೊಂಬತ್ಮೂರರ ಮೇ ಹದಿನಾರು, ಭಾನುವಾರ, ನಿನ್ನ ಮನೆಯ ನಡುಮನೆಯಲ್ಲಿ, ಕಾಜಲಿಗಾಗಿ ನೀನು ಹಾಕಿದ ದಾಳ ಎಷ್ಟು ಬಿತ್ತು? ನಿಜ ಬರೆದರೆ ಸಹಿಯ ಮಾತು ಆಡೋಣ.

ಮೈತ್ರೇಯಿ


ನಾಗಪುರ
೨೮ ನವೆಂಬರ್ ೨೦೦೪

ಮೈತ್ರೇಯಿ,

ಎರಡು ತಿಂಗಳು ತಡ. ದಸರಾಕ್ಕೆ ಬರೆಯೋಣ ಅಂದುಕೊಂಡೆ, ದೀಪಾವಳಿಗೆ ಅಂದುಕೊಂಡೆ. ಉಮಾಪತಿಯವರು ಮತ್ತೆ ನೆನಪಿನ ಕಾರ್ಡು ಹಾಕಿದರು. ಅವರಿಗಾಗಿ ಅಲ್ಲ ಇದು.

ಅವತ್ತು ನಾಗಪುರದ ಮೇ ತಿಂಗಳ ಬಿಸಿಲು. ಕೂಲರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದೆ ಅಮೇಯ ಅದನ್ನು ಆರಿಸಿದ. ಮೂವರೂ ಬೆವರುತ್ತ ಕೂತಿದ್ದೆವು. ನಿನ್ನ ಮದುವೆಗೆ ಎಂಟು ದಿನ ಇತ್ತು. ಕೈಗೆ ಅದಾಗಲೇ ಹಸಿರು ಬಳೆ ಇಟ್ಟಿದ್ದರು.

ಕಾಜಲಿ ಹೊಳೆಯ ದಂಡೆಗೆ ಬಂದಳು. ಆಚೆ ದಡಕ್ಕೆ ಹೋದರೆ ವಾಪಸ್ ಬರುವ ದಾರಿ ಇಲ್ಲ ಎಂದು ನಾನು ಸೂತ್ರಧಾರನಾಗಿ ಹೇಳಿದೆ. ನೀನು ಸ್ವಲ್ಪ ಹೊತ್ತು ನಕ್ಷೆ ನೋಡಿ ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ. “ಕಾಜಲಿ ದಂಡೆ ಮೇಲೆ ನಿಂತ್ಕೊಂಡು ಹಿಂದೆ ತಿರುಗಿ ಹೇಳ್ತಾಳೆ. ಯಾರಾದ್ರೂ ಒಬ್ರು ‘ಇರು’ ಅಂದ್ರೆ ನಾನು ಇರ್ತೀನಿ.” ಅಮೇಯ ನನ್ನ ಮುಖ ನೋಡಿದ. ಹದಿನಾರು ವರ್ಷದ ಹುಡುಗನಿಗೂ ಅರ್ಥವಾಗಿತ್ತು.

ನನಗೆ ಅರ್ಥವಾಗಲಿಲ್ಲ, ಅದು ಆಟದ ಮಾತು ಅಂದುಕೊಂಡೆ ಎಂದು ಬರೆಯಬಹುದಿತ್ತು. ಅದಕ್ಕೇ ಎರಡು ತಿಂಗಳು ಹಿಡಿಯಿತು. ಅರ್ಥವಾಗಿತ್ತು. ನಿಮ್ಮ ಅಪ್ಪ ನಮ್ಮ ಮನೆಯ ಬಾಗಿಲಿಗೆ ಬಂದರೂ ನೀರು ಕುಡಿಯದೆ ಹೋಗುತ್ತಿದ್ದವರು. ನಾನು ಕೆಲಸವಿಲ್ಲದ ಬಿ.ಎ., ಅಪ್ಪನ ಕ್ವಾರ್ಟರ್ಸಿನಲ್ಲಿ ಕೂತು ರಾಕ್ಷಸರ ಕತೆ ಕಟ್ಟುವವನು. ‘ಇರು’ ಅನ್ನಲು ಬಾಯಿ ಬರಲಿಲ್ಲ. “ದಾಳ ಹಾಕ್ತೀನಿ, ಹತ್ತರ ಮ್ಯಾಲೆ ಬಿದ್ರ ದಾಟಿದಂಗ” ಅಂದೆ.

ನಾನು ಅಡ್ಡ ನಿಲ್ಲಿಸಿದ ರಟ್ಟಿನ ಮರೆಯಲ್ಲಿ ತಾಟಿನೊಳಗೆ ದಾಳ ಹಾಕಿದೆ. ಸದ್ದು ನಿಂತ ಮೇಲೆ ನೋಡಿದೆ.

ಹದಿನೇಳು ಬಿದ್ದಿತ್ತು, ಮೈತ್ರೇಯಿ.

ನಾನು ಮೂರು ಅಂದೆ. ನೀನು ದಾಟಿ, ಆಚೆ ದಡದಲ್ಲಿ ನಾವು ಯಾರೂ ಇಲ್ಲದ ಊರಿನಲ್ಲಿ ಸುಖವಾಗಿರುವುದನ್ನು ಕತೆಯಾಗಿ ಹೇಳುವ ಕೆಲಸ ನನ್ನದಾಗಿತ್ತು. ಅದು ನನ್ನಿಂದ ಸಾಧ್ಯವಾಗುತ್ತಿರಲಿಲ್ಲ. ಸತ್ತಳು ಅಂದುಬಿಟ್ಟರೆ ಅಳುವುದಕ್ಕೊಂದು ಕಾರಣ ಸಿಗುತ್ತದೆ ಅನ್ನಿಸಿತು. ಆಮೇಲೆ ಅದನ್ನೇ ಚೆಂದವಾಗಿ ಬರೆದು ಅಚ್ಚು ಹಾಕಿಸಿ, ನಾಚಿಕೆಯಿಲ್ಲದೆ ನಿನಗೇ ಕಳಿಸಿದೆ.

ಇದನ್ನು ಅಮೇಯನಿಗೂ ಹೇಳಿಲ್ಲ. ನೀನು ಸಹಿ ಮಾಡದಿದ್ದರೆ ತಪ್ಪು ತಿಳಿಯುವುದಿಲ್ಲ.

ಸಿದ್ದೇಶ


ಮೈಸೂರು
೨ ಜನವರಿ ೨೦೦೫

ಸಿದ್ದು,

ನನಗೆ ಗೊತ್ತಿತ್ತು.

ನೀನು ಎಡಚ, ತಾಟನ್ನು ಯಾವಾಗಲೂ ಎಡಗಡೆ ಇಡುತ್ತಿದ್ದೆ. ನಿನ್ನ ಬೆನ್ನ ಹಿಂದೆ ನಿಮ್ಮ ಅವ್ವನ ಕನ್ನಡಿ ಕಪಾಟು. ನಾನು ಕೂರುತ್ತಿದ್ದ ಜಾಗದಿಂದ ತಾಟು ಪೂರ್ತಿ ಕನ್ನಡಿಯಲ್ಲಿ ಕಾಣುತ್ತಿತ್ತು. ರಟ್ಟು ಅಡ್ಡ ಇಟ್ಟು ಅಷ್ಟೆಲ್ಲ ಗಂಭೀರವಾಗಿ ಕೂತ ಸೂತ್ರಧಾರನಿಗೆ ಹಿಂದೆ ತಿರುಗಿ ನೋಡಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. ತಿರುಗುಮುರುಗು ಅಂಕಿ ಓದುವುದು ನನಗೆ ಎರಡೇ ವಾರದಲ್ಲಿ ರೂಢಿಯಾಯಿತು. ಮೊದಮೊದಲು ಹೇಳಬೇಕು ಅಂದುಕೊಂಡೆ. ಆಮೇಲೆ ಹೇಳಲಿಲ್ಲ, ಯಾಕೆಂದರೆ ಅಲ್ಲಿ ನಿನ್ನ ನಿಜ ಸ್ವಭಾವ ಕಾಣುತ್ತಿತ್ತು.

ನಾಲ್ಕು ವರ್ಷ ನಿನ್ನ ಪ್ರತಿಯೊಂದು ದಾಳವನ್ನೂ ನೋಡಿದ್ದೇನೆ. ಅಮೇಯ ಎಷ್ಟು ಸಲ ಸಾಯಬೇಕಿತ್ತು, ಎಷ್ಟು ಸಲ ಎರಡು ಬಿದ್ದದ್ದನ್ನು ಹನ್ನೆರಡು ಅಂದೆ, ನನಗೆ ಗೊತ್ತು. ಪೋಲಿಯೋ ಬಂದ ಆ ಜೋಶಿಯವರ ಹುಡುಗ ಒಂದೇ ದಿನ ಆಡಲು ಬಂದಾಗ ಅವನಿಗೆ ಸಾಲಾಗಿ ಇಪ್ಪತ್ತು ಬೀಳಿಸಿದೆ. ನೀನು ಸುಳ್ಳು ಹೇಳಿ ಎಲ್ಲರನ್ನೂ ಬದುಕಿಸಿದೆ ಸಿದ್ದು. ಸುಳ್ಳು ಹೇಳಿ ಕೊಂದದ್ದು ನನ್ನೊಬ್ಬಳನ್ನೇ.

ಹದಿನೇಳು ನೋಡಿದೆ. ನೀನು ಮೂರು ಅಂದದ್ದು ಕೇಳಿದೆ. ಎಂಟು ದಿನ ಕಾದೆ. ಊರು ಬಿಡುವ ದಿನ ಸ್ಟೇಷನ್ನಿಗೆ ನೀನು ಬರುತ್ತೀಯ, ಆ ಸುಳ್ಳು ಯಾಕೆ ಎಂದು ಹೇಳುತ್ತೀಯ ಅಂದುಕೊಂಡೆ. ಅಮೇಯ ಒಬ್ಬನೇ ಬಂದ, ಕಿತ್ತಳೆ ಬುಟ್ಟಿ ಹಿಡಿದುಕೊಂಡು.

ನೀನು ‘ಇರು’ ಅಂದಿದ್ದರೆ ನಾನು ಇರುತ್ತಿದ್ದೆನೋ ಇಲ್ಲವೋ. ನನಗೂ ಅಪ್ಪನ ಎದುರು ನಿಂತು ಮಾತಾಡಿ ಅಭ್ಯಾಸ ಇರಲಿಲ್ಲ. ನಮ್ಮವರು ಒಳ್ಳೆಯವರು, ಮಗ ಚೂಟಿ, ಈ ಬಾಳನ್ನು ನಾನು ದೂರುವುದಿಲ್ಲ, ನೀನೂ ಮರುಗಬೇಡ. ಆದರೆ ಆ ಪ್ರಶ್ನೆಗೆ ಒಂದು ಉತ್ತರ ಬರಬೇಕಿತ್ತು. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಈಗಲೂ ಕೆಲವೊಮ್ಮೆ ಅದಕ್ಕೇ ಕಾಯುತ್ತಿದ್ದೇನೆ ಅನ್ನಿಸುತ್ತದೆ.

ಸಹಿ ಮಾಡಿದ ಕಾಗದ ಇದರೊಳಗಿದೆ. ನಿನ್ನ ಪತ್ರದಲ್ಲಿ ಹದಿನೇಳು ಎಂದು ಇಲ್ಲದಿದ್ದರೆ ಮಾಡುತ್ತಿರಲಿಲ್ಲ. ನನ್ನ ಷರತ್ತುಗಳನ್ನು ಉಮಾಪತಿಯವರಿಗೆ ಹೇಳು. ನಕ್ಷೆ ಇದ್ದ ಹಾಗೇ ಇರಲಿ, ಮಂಕಾಗಿದ್ದರೆ ಮಂಕಾಗಿರಲಿ, ಆ ಗಣಿ ಹಾಗೇ ಇತ್ತು. ಕಾವಲಿನ ನಿಯಮ ಮುಟ್ಟಕೂಡದು. ನಲವತ್ತೊಂದನೇ ಪುಟದಲ್ಲಿ ಈಗಿರುವುದನ್ನೆಲ್ಲ ತೆಗೆದು ಇಷ್ಟೇ ಹಾಕಬೇಕು:

‘ಕಾಜಲಿ ಹೊಳೆ ದಾಟಿದಳು. ಆಚೆ ದಡದಲ್ಲಿ ಬೆಂಕಿ ಹಾಕಿಕೊಂಡು ಕಾವಲು ಕೂತಳು. ಯಾರೂ ಬರಲಿಲ್ಲ.’

ಪುಟದ ಉಳಿದ ಜಾಗ ಖಾಲಿ ಬಿಡಬೇಕು. ಅದು ಹರಿದ ಪುಟ ಅಂದುಕೊಳ್ಳಲಿ. ಹೊಸಬರು ಏನು ಬೇಕಾದರೂ ಬರೆದುಕೊಳ್ಳಲಿ.

ಇದಕ್ಕೊಂದು ಉತ್ತರ ಬರೆ. ಆಮೇಲೆ ಸಾಕು ಮಾಡೋಣ. ಮನೆಯಲ್ಲಿ ಇಷ್ಟೊಂದು ಈರುಳ್ಳಿ ಇಲ್ಲ.

ನಿನ್ನ,
ಮೈತ್ರೇಯಿ


ನಾಗಪುರ
೨೩ ಜನವರಿ ೨೦೦೫

ಪ್ರಿಯ ಮೈತ್ರೇಯಿ,

ಕಪಾಟನ್ನು ನೋಡಿದೆ. ಈಗಲೂ ಅಲ್ಲೇ ಇದೆ. ನೀನು ಕೂರುತ್ತಿದ್ದ ಜಾಗದಲ್ಲಿ ಕೂತು ಬಹಳ ಹೊತ್ತು ಕನ್ನಡಿ ನೋಡಿದೆ. ನಗುವೂ ಬಂತು, ಆಮೇಲೆ ನಗು ಬರಲಿಲ್ಲ. ಸ್ಟೇಷನ್ನಿನ ದಿನ ನಾನು ಹೊರಗೆ ಟಾಂಗಾ ಸ್ಟ್ಯಾಂಡಿನವರೆಗೆ ಬಂದಿದ್ದೆ. ಕಿತ್ತಳೆ ನಾನೇ ಕೊಂಡು ಅಮೇಯನ ಕೈಗೆ ಕೊಟ್ಟೆ. ಒಳಗೆ ಬರಲಿಲ್ಲ. ಇದು ನೆಪವಲ್ಲ, ಉತ್ತರ ಕೇಳಿದೆಯಲ್ಲ, ಅದಕ್ಕೆ ಹೇಳಿದೆ.

ಉಮಾಪತಿಯವರು ಎಲ್ಲಕ್ಕೂ ಒಪ್ಪಿದರು. ಖಾಲಿ ಪುಟದ ಬಗ್ಗೆ ಮಾತ್ರ, “ಓದುಗರು ಪ್ರೆಸ್ಸಿನ ತಪ್ಪು ಅಂತಾರ್ರಿ” ಎಂದು ಫೋನಿನಲ್ಲಿ ಗೊಣಗಿದರು. ಅಂದರೆ ಅನ್ನಲಿ ಅಂದೆ.

ನಿನ್ನೆ ಶನಿವಾರ, ಮಕ್ಕಳಿಗೆ ಹೊಸ ನಲವತ್ತೊಂದನೇ ಪುಟದಿಂದ ಆಟ ಶುರು ಮಾಡಿದೆ. ರಟ್ಟು ಇಡಲಿಲ್ಲ, ತಾಟನ್ನು ನಡುವೆ ಇಟ್ಟೆ. ನಿನ್ನ ನಕ್ಷೆ ಹಾಸಿ, ಹೊಳೆಯ ಆಚೆ ದಡದ ಮೇಲೆ ನಿನ್ನ ಲೋಟ ಬೋರಲು ಹಾಕಿದೆ. ಉಮರೇಡ್ ಬಾಗಿಲಿನ ಒಳಗೆ ನಿಧಿ ಇದೆ, ಸಾವನೇರ್ ದಾರಿಯಲ್ಲಿ ರಾಕ್ಷಸರಿದ್ದಾರೆ, ಎತ್ತ ಹೋಗುತ್ತೀರಿ ಎಂದು ಕೇಳಿದೆ.

ನಮ್ರತಾ ಎಂಬ ಏಳನೇ ತರಗತಿಯ ಹುಡುಗಿ ಇದ್ದಾಳೆ. ಅಪ್ಪನಿಗೆ ವರ್ಗವಾಗಿ ಕಳೆದ ಜೂನಿನಲ್ಲಷ್ಟೇ ಶಾಲೆಗೆ ಸೇರಿದವಳು. ಲೋಟ ತೋರಿಸಿ, “ಸರ್, ಹಾ ಗ್ಲಾಸ್ ಕೋಣಾಚಾ?” ಅಂದಳು. ಕಾಜಲಿಯದು, ಕಾವಲಿಗಿದ್ದಾಳೆ ಅಂದೆ. ಎಷ್ಟು ದಿನದಿಂದ ಎಂದು ಕೇಳಿದಳು. ಹನ್ನೊಂದು ವರ್ಷದಿಂದ ಅಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಧಿಯೂ ಬೇಡ, ರಾಕ್ಷಸರೂ ಬೇಡ, ಮೊದಲು ಅವಳನ್ನು ಕರೆದುಕೊಂಡು ಬರಬೇಕು ಎಂದು ನನ್ನನ್ನು ಕೇಳದೆಯೇ ತೀರ್ಮಾನಿಸಿಬಿಟ್ಟರು. ಇಷ್ಟು ವರ್ಷ ಸೂತ್ರಧಾರನಾಗಿ ನಾನು ಯೋಚಿಸದ ದಾರಿ ಅದು.

ಹೊಳೆ ದಾಟಲು ಹತ್ತರ ಮೇಲೆ ಬೇಕಿತ್ತು. ಎಲ್ಲರ ಕಣ್ಣೆದುರು ದಾಳ ಹಾಕಿದೆ. ಏಳು ಬಿತ್ತು. ಅಪ್ಪನ ಅರದ ತಪ್ಪು, ನೀನು ಹೇಳಿದ್ದೇ ಸರಿ. ಅದನ್ನು ಹದಿನೇಳೆಂದು ಹೇಳಲು ಬಾಯಿ ತುರಿಸಿತು, ಹೇಳಲಿಲ್ಲ. ಈ ವಾರ ಹೊಳೆ ತುಂಬಿದೆ, ದಾಟಲಾಗದು, ಮುಂದಿನ ಶನಿವಾರದವರೆಗೆ ಈಚೆ ದಂಡೆಯಲ್ಲೇ ತಂಗಬೇಕು ಎಂದೆ.

ಆಗ ನಮ್ರತಾ ಎದ್ದು ನಿಂತಳು. ಎರಡೂ ಕೈ ಬಾಯಿಗೆ ಹಿಡಿದು, ಆಚೆ ದಡದ ಲೋಟದ ಕಡೆ ತಿರುಗಿ, ಶಾಲೆಯೆಲ್ಲ ಕೇಳುವ ಹಾಗೆ ಕೂಗಿದಳು. “ಥಾಂಬ! ಆಮ್ಹೀ ಯೇತೋಯ್!”

ಮರಾಠಿ ಮರೆತಿದ್ದರೆ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಇರು, ನಾವು ಬರ್ತಾ ಇದೀವಿ.’ ನಾನೂ ಎದ್ದು ನಿಂತು ಅವಳ ಜೊತೆ ಕೂಗಿದೆ.

ನಿನ್ನ,
ಸಿದ್ದು